ನಾಲ್ಕು ಗೇಮ್ ಪೆಟ್ಟಿಗೆಗೆ ಒಂದೇ ಟೋಕನ್

ರೈಲ್ವೆ ಕ್ಯಾಬಿನ್ನಿನಲ್ಲಿ ಕೂತು ಒಂದೇ ಪಾಳಿಯಲ್ಲಿ ಹನ್ನೊಂದು ಗಾಡಿಗಳನ್ನು ಒಂದರ ಮೂತಿ ಇನ್ನೊಂದಕ್ಕೆ ತಾಗದಂತೆ ದಾಟಿಸುವ ನನಗೆ, ಮನೆಯ ಟೀವಿ ಹಿಂದೆ ಬಗ್ಗಿ ಐದು ವೈರು ಬಿಡಿಸಲು ಬರುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು. ದೂರು ಸುಳ್ಳಲ್ಲ, ಅದೇ ನನ್ನ ದುಃಖ. ಸುಳ್ಳಾಗಿದ್ದರೆ ಒಂದು ಜಗಳವನ್ನಾದರೂ ಆಡಬಹುದಿತ್ತು.

ಈ ವೈರುಗಳೆಲ್ಲ ಹಳೆಯ ಗೇಮ್ ಪೆಟ್ಟಿಗೆಗಳ ಸಂತಾನ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ ತುರುಕಿ, ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದಿ ಮತ್ತೆ ತುರುಕಿ ಆಡುತ್ತಿದ್ದ ಆ ಕಾಲದ ಪೆಟ್ಟಿಗೆಗಳು. ನೆಂಟರಿಷ್ಟರಲ್ಲಿ ಯಾರು ಅಟ್ಟ ಗುಡಿಸಿದರೂ ಒಂದು ಪೆಟ್ಟಿಗೆ ನನ್ನ ಮನೆ ಸೇರುತ್ತಿತ್ತು. (ನಾನೇ ಹೋಗಿ ಕೇಳಿ ತರುತ್ತಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಅವಳ ಹೇಳಿಕೆಯನ್ನು ದಾಖಲಿಸಿಕೊಂಡು ಮುಂದೆ ಹೋಗೋಣ.) ಹೀಗೆ ಐದಾದವು. ಐದಕ್ಕೂ ಒಂದೊಂದು ಅಡಾಪ್ಟರ್, ಅದೂ ಇಟ್ಟಿಗೆ ಗಾತ್ರದ್ದು. ಒಂದು ಸಾಕೆಟ್ಟಿಗೆ ಹಾಕಿದರೆ ಪಕ್ಕದ ಸಾಕೆಟ್ಟಿನ ಮೇಲೂ ಸಂಸಾರ ಹೂಡುತ್ತದೆ. ಆರು ಸಾಕೆಟ್ಟಿನ ಬೋರ್ಡಿನಲ್ಲಿ ಮೂರು ಹಿಡಿದರೆ ಪುಣ್ಯ. ಎಲ್ಲವೂ ಕಪ್ಪು, ಎಲ್ಲಕ್ಕೂ ಒಂದೇ ತರಹದ ತುದಿ. ಒಳಗಿನ ಸ್ವಭಾವ ಮಾತ್ರ ಬೇರೆ ಬೇರೆ. ಒಂದಕ್ಕೆ ತುದಿಯ ನಡುವೆ ಪ್ಲಸ್ಸು, ಇನ್ನೊಂದಕ್ಕೆ ಮೈನಸ್ಸು.

ಒಂದು ಸಂಜೆ ಬೂದು ಪೆಟ್ಟಿಗೆಯ ಅಡಾಪ್ಟರನ್ನು ಬಿಳಿ ಪೆಟ್ಟಿಗೆಗೆ ಚುಚ್ಚಿದೆ. ಬಿಳಿ ಪೆಟ್ಟಿಗೆ ಸಣ್ಣಗೆ ಹೊಗೆಯಾಡಿ ಸ್ವರ್ಗ ಸೇರಿತು, ಹೋಗುವಾಗ ಮನೆಯ ಫ್ಯೂಸನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಳಗಿನ ಕೋಣೆಯಿಂದ ಬಂದು ಆಗಷ್ಟೇ ಧಾರಾವಾಹಿಗೆ ಕೂತಿದ್ದ ನನ್ನ ಅಮ್ಮನಿಗೆ, ಅದರಲ್ಲಿ ಕಳೆದುಹೋಗಿದ್ದ ಮಗಳು ಬಾಗಿಲು ತಟ್ಟಿದ್ದು ಕೇಳಿಸಿತು, ತೆರೆದದ್ದು ಕಾಣಿಸಲಿಲ್ಲ. ಅಮ್ಮ ಬೈಯಲಿಲ್ಲ. ಮೂರು ದಿನ ನನ್ನನ್ನು ಕಂಡಾಗಲೆಲ್ಲ, ಬಾಗಿಲು ತೆಗೆದರೋ ಇಲ್ಲವೋ ಎಂದು ಕೇಳಿದಳು, ಅಷ್ಟೇ. ಹೆಂಡತಿಯೂ ಕೂಗಾಡಲಿಲ್ಲ. ಅವಳು ಮೆತ್ತಗೆ ಮಾತಾಡಿದಾಗಲೇ ನನಗೆ ಹೆಚ್ಚು ಹೆದರಿಕೆ.

"ಇನ್ನೊಂದು ಸಲ ಹೊಗೆ ಬಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ. ನಂಬರ್ ಇಸ್ಕೊಂಡಿದ್ದೀನಿ."

ಈ ಸಂಧಿಕಾಲದಲ್ಲೇ ನನ್ನ ತಮ್ಮನ ಫೋನು ಬಂತು. ಎಂಟು ವರ್ಷದ ಮೇಲೆ ಬರುತ್ತಿದ್ದಾನೆ, ಎರಡು ವಾರದ ನಂತರದ ಭಾನುವಾರ. ಹನ್ನೊಂದಕ್ಕೆ ಬಂದು ಸಂಜೆ ಐದರ ಗಾಡಿಗೆ ಅಕ್ಕನ ಊರಿಗೆ ಹೋಗುತ್ತಾನಂತೆ. ಫೋನಿಡುವ ಮುಂಚೆ ನಗುತ್ತಾ ಕೇಳಿದ, "ಅಣ್ಣ, ಕಂದು ಪೆಟ್ಟಿಗೆ ಇನ್ನೂ ಇದೆಯಾ? ಒಂದಾಟ ಆಡೋಣ್ವಾ?"

ಆ ನಗು ನನಗೆ ಗೊತ್ತು. ಕಂದು ಪೆಟ್ಟಿಗೆ ನಮ್ಮಿಬ್ಬರ ಬಾಲ್ಯದ್ದು. ಅದರ ಮೋಟಾರು ರೇಸಿನಲ್ಲಿ ಅವನು ನನ್ನನ್ನು ಪ್ರತಿ ಸಲವೂ ಸೋಲಿಸಿದ್ದಾನೆ. ಒಂದು ಸಲವೂ ನಾನು ಗೆದ್ದಿಲ್ಲ. ನನಗಿಂತ ಮೂರು ವರ್ಷ ಚಿಕ್ಕವನು, ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕದವನು, ಕಾಲಾಡಿಸುತ್ತಾ ನನ್ನನ್ನು ಸೋಲಿಸುತ್ತಿದ್ದ. ತಲೆ ನೆರೆತ ಮೇಲೂ ಆ ನೋವು ಹೋಗಿಲ್ಲ. ಎರಡು ವರ್ಷದಿಂದ ಪಾಳಿ ಮುಗಿಸಿ ಬಂದು ಒಬ್ಬನೇ ಅಭ್ಯಾಸ ಮಾಡಿದ್ದೆ. ಎಡ ತಿರುವಿನಲ್ಲಿ ಗುಂಡಿಯನ್ನು ಯಾವಾಗ ಬಿಡಬೇಕು ಎಂಬ ರಹಸ್ಯ ಕೊನೆಗೂ ನನಗೆ ಒಲಿದಿತ್ತು. ಆ ಭಾನುವಾರ ನಾನು ಗೆಲ್ಲಲೇಬೇಕಿತ್ತು.

ಅದಕ್ಕೆ ಕಂದು ಪೆಟ್ಟಿಗೆ ಬದುಕಿರಬೇಕು, ಹೊಗೆ ಬರಬಾರದು. ಯೋಚಿಸುತ್ತಾ ಯೋಚಿಸುತ್ತಾ ಕ್ಯಾಬಿನ್ನಿನಲ್ಲೇ ನನಗೆ ಜ್ಞಾನೋದಯವಾಯಿತು. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರುಬದುರಾಗದಂತೆ ನಾವು ಏನು ಮಾಡುತ್ತೇವೆ? ಆ ಹಳಿಗೆ ಒಂದೇ ಒಂದು ಟೋಕನ್ ಕೊಡುತ್ತೇವೆ. ಟೋಕನ್ ಯಾರ ಕೈಯಲ್ಲಿದೆಯೋ ಅವರದೇ ಹಳಿ. ಮನೆಗೂ ಅದನ್ನೇ ತಂದರೆ?

ಒಂದು ಉದ್ದನೆಯ ಹಲಗೆ ತಂದೆ. ಉಳಿದ ನಾಲ್ಕು ಪೆಟ್ಟಿಗೆಗಳ ಅಡಾಪ್ಟರುಗಳನ್ನೂ ಟೀವಿಯ ಚಾನೆಲ್ ಬಾಕ್ಸಿನದನ್ನೂ ಅದರ ಮೇಲೆ ಸಾಲಾಗಿ ಕೂರಿಸಿ, ಇನ್ನೊಂದು ಹಲಗೆ ಮುಚ್ಚಿ, ಮೊಳೆ ಹೊಡೆದು, ಮೊಳೆಯ ತಲೆಗೂ ಗೋಂದು ತುಂಬಿದೆ. ಹೊರಗೆ ಕಾಣುವುದು ಐದು ಕಿಂಡಿ ಮಾತ್ರ. ಐದು ಕಿಂಡಿಗೂ ಸೇರಿ ಕರೆಂಟು ಕೊಡುವ ವೈರು ಒಂದೇ ಒಂದು, ಅದನ್ನು ಯಾವ ಕಿಂಡಿಗೆ ಚುಚ್ಚಿದರೆ ಅದಕ್ಕಷ್ಟೇ ಕರೆಂಟು. ಅದರ ತುದಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗುಜರಿಯಲ್ಲಿ ಹುಡುಕಿ, ಈಗ ಯಾರೂ ತಯಾರಿಸದ ನಾಲ್ಕು ಕಾಲಿನ ತುದಿಯನ್ನು ತಂದೆ, ಕಿಂಡಿಗಳನ್ನೂ ಅದಕ್ಕೆ ಹೊಂದುವಂತೆ ಹಾಕಿದೆ. ಬೇರೆ ವೈರು ತಂದು ಯಾರೂ ಕಳ್ಳದಾರಿ ಹಿಡಿಯಬಾರದು. ವೈರಿಗೊಂದು ಕೆಂಪು ಮರದ ಬಳೆ ಕಟ್ಟಿದೆ. ಅದೇ ಟೋಕನ್. ಚಿತ್ರ ಬರುವ ವೈರುಗಳನ್ನು ಐದು ಗುಂಡಿಯ ಒಂದು ಡಬ್ಬಿಗೆ ಸೇರಿಸಿ, ಡಬ್ಬಿಯಿಂದ ಟೀವಿಗೆ ಒಂದನ್ನೇ ಎಳೆದೆ.

ಯಂತ್ರ ಮುಗಿದ ಮೇಲೆ ನಿಯಮಾವಳಿ ಬರೆದು ಗೋಡೆಗೆ ಅಂಟಿಸಿದೆ. ಟೋಕನ್ನನ್ನು ಎಲ್ಲೆಂದರಲ್ಲಿ ಇಡತಕ್ಕದ್ದಲ್ಲ. ಕೈಯಿಂದ ಕೈಗೇ ಕೊಡತಕ್ಕದ್ದು. ಪಡೆದವರು ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಸಹಿಯಿಲ್ಲದೆ ಯಾವ ಕಾರಣಕ್ಕೂ, ಯಾರಿಗೂ ಕೊಡತಕ್ಕದ್ದಲ್ಲ. ಪುಸ್ತಕವನ್ನು ದಾರದಲ್ಲಿ ಕಟ್ಟಿ ಟೀವಿ ಪಕ್ಕದ ಮೊಳೆಗೆ ತೂಗುಹಾಕಿದೆ.

ಹೆಂಡತಿ ಓದಿ, "ತಕ್ಕದ್ದು ಸ್ವಲ್ಪ ಜಾಸ್ತಿ ಆಯ್ತು ರೀ," ಎಂದಳು. ಆದರೆ ಅಮ್ಮನ ಮುಖ ಅರಳಿತು. ನಮ್ಮಪ್ಪನೂ ಇದೇ ಕ್ಯಾಬಿನ್ನಿನಲ್ಲಿ ಇದ್ದವರು. ಮೂವತ್ತು ವರ್ಷ ಅವರ ಜೊತೆ ಸಂಸಾರ ಮಾಡಿದ ಅಮ್ಮನಿಗೆ ರೈಲ್ವೆ ನಿಯಮ ಬಾಯಿಪಾಠ. ಧಾರಾವಾಹಿಗೆ ಹತ್ತು ನಿಮಿಷ ಮುಂಚೆ ಕನ್ನಡಕ ಹಾಕಿಕೊಂಡು ಬಂದು ಸಹಿ ಮಾಡಿ ಟೋಕನ್ ಪಡೆಯುವಳು, ಮುಗಿದ ಮೇಲೆ ವೈರು ಕಿತ್ತು, ನಾನು ಕೈಯೊಡ್ಡಿ ಸಹಿ ಹಾಕುವ ತನಕ ತನ್ನ ಬಟ್ಟೆಚೀಲದಲ್ಲಿ ಇಟ್ಟುಕೊಂಡಿರುವಳು. ಒಂದು ವಾರ ಮನೆ ಗಡಿಯಾರದಂತೆ ನಡೆಯಿತು. ಹೊಗೆಯಿಲ್ಲ, ಫ್ಯೂಸಿಲ್ಲ, ಟೀವಿ ಹಿಂದೆ ಬಗ್ಗುವುದಿಲ್ಲ. ಇಷ್ಟು ವರ್ಷಕ್ಕೆ ನಾನು ಒಂದು ಕೆಲಸವನ್ನು ನೆಟ್ಟಗೆ ಮಾಡಿದೆ ಎಂದು ಹೆಂಡತಿ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು. ಎದೆ ಎರಡು ಅಂಗುಲ ಅಗಲವಾಯಿತು.

ಶನಿವಾರ ಅಕ್ಕ ಫೋನು ಮಾಡಿ ಕಾಲು ಉಳುಕಿದೆ ಎಂದಳು. ಅಕ್ಕನ ಊರು ನಮ್ಮಿಂದ ನಾಲ್ಕು ಸ್ಟೇಷನ್ ಆಚೆ. ಚಿಕ್ಕ ಮಗನನ್ನು ಹೇಗೂ ಅಲ್ಲೇ ನೋಡುತ್ತೇನೆ ಎಂದು ಅಮ್ಮ ಭಾನುವಾರ ಬೆಳಿಗ್ಗೆ ಎಂಟೂ ನಲವತ್ತರ ಗಾಡಿಗೆ ಹೊರಟಳು. ನಾನು ಹತ್ತರ ತನಕ ಪಾಳಿಯಲ್ಲಿದ್ದೆ. ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು.

ತಮ್ಮ ಬಂದ. ಕೂದಲು ಉದುರಿತ್ತು, ನಗು ಹಾಗೇ ಇತ್ತು. ಊಟ ಮುಗಿಸಿ, ಕಂದು ಪೆಟ್ಟಿಗೆಯ ಎದುರು ಎರಡು ಸ್ಟೂಲು ಹಾಕಿ, ಟೋಕನ್ನಿಗೆ ಕೈ ಚಾಚಿದೆ. ಇಲ್ಲ. ಪುಸ್ತಕ ನೋಡಿದೆ. ಕೊನೆಯ ಸಹಿ ಅಮ್ಮನದು, ಹಿಂದಿನ ಸಂಜೆ ಆರೂ ಇಪ್ಪತ್ತಕ್ಕೆ. ರಾತ್ರಿ ಪಾಳಿಗೆ ಓಡುವ ಗಡಿಬಿಡಿಯಲ್ಲಿ ನಾನು ಅದನ್ನು ವಾಪಸು ಪಡೆದೇ ಇರಲಿಲ್ಲ. ಅಕ್ಕನ ಮನೆಗೆ ಫೋನು ಮಾಡಿದೆ.

"ನನ್ನ ಹತ್ರಾನೇ ಇದೆ ಕಣೋ, ಭದ್ರವಾಗಿ," ಎಂದಳು ಅಮ್ಮ. "ಕೈಯಿಂದ ಕೈಗೆ ಅಂತ ನೀನೇ ಬರೆದಿದ್ದೀಯ. ಬೆಳಿಗ್ಗೆ ಹೊರಡೋವಾಗ ಮನೇಲಿ ಒಂದು ಕೈಯಾದ್ರೂ ಇತ್ತಾ?"

ಹಲಗೆ ಒಡೆದು ತೆಗೆಯೋಣ ಎಂದು ಸುತ್ತಿಗೆ ಎತ್ತಿಕೊಂಡೆ. ಹೆಂಡತಿ ತನ್ನ ಫೋನು ಎತ್ತಿಕೊಂಡು ಗುಜರಿಯವನ ನಂಬರ್ ತೆಗೆದಳು. ಸುತ್ತಿಗೆ ಕೆಳಗಿಟ್ಟೆ. ಪೇಟೆಯ ಮೂರು ಎಲೆಕ್ಟ್ರಿಕ್ ಅಂಗಡಿಯವರು ನನ್ನ ನಾಲ್ಕು ಕಾಲಿನ ತುದಿಯ ಚಿತ್ರ ನೋಡಿ, ಇದು ಯಾವ ಕಾಲದ್ದು ಸಾರ್ ಎಂದು ಗೌರವದಿಂದ ವಿಚಾರಿಸಿದರು. ಕೊನೆಗೆ ಅಮ್ಮನಿಗೆ ಮತ್ತೆ ಫೋನು ಮಾಡಿ, ನಮ್ಮ ಕಡೆ ಬರುವ ಗಾಡಿಯ ಗಾರ್ಡಿನ ಕೈಲಿ ಟೋಕನ್ ಕೊಟ್ಟು ಕಳಿಸು ಎಂದು ಬೇಡಿಕೊಂಡೆ. ನೋಡ್ತೀನಿ ಎಂದಳು. ಆ ಗಾಡಿ ಬರುವುದೂ ತಮ್ಮನ ಗಾಡಿ ಹೊರಡುವುದೂ ನಮ್ಮ ಸ್ಟೇಷನ್ನಿನಲ್ಲಿ ಐದು ಗಂಟೆಗೇ, ಎರಡೂ ಅಲ್ಲೇ ಕ್ರಾಸಿಂಗ್. ಟೋಕನ್ ಬಂದರೆ ಏಳೂವರೆಯ ಗಾಡಿಗೆ ಹೋಗುತ್ತೇನೆ, ಬರದಿದ್ದರೆ ಐದಕ್ಕೇ ಹೊರಡುತ್ತೇನೆ ಎಂದು ತಮ್ಮ ಒಪ್ಪಿದ. ಅಲ್ಲಿಯ ತನಕ ಇಬ್ಬರೂ ಕಪ್ಪು ಟೀವಿಯ ಎದುರು ಸ್ಟೂಲಿನ ಮೇಲೆ ಕೂತು ಸಂಸಾರದ ಮಾತಾಡಿದೆವು.

ಐದಕ್ಕೆ ಎರಡು ಗಾಡಿಗಳೂ ಪ್ಲಾಟ್‌ಫಾರಂನ ಎರಡು ಕಡೆ ಬಂದು ನಿಂತವು. ನಾನು ಗಾರ್ಡಿನ ಡಬ್ಬಿಯ ಕಡೆ ಓಡುತ್ತಿದ್ದರೆ, ಮೂರನೆಯ ಬೋಗಿಯಿಂದ ಚೀಲವನ್ನು ಎದೆಗವಚಿಕೊಂಡು ಅಮ್ಮನೇ ಇಳಿದಳು. ಗಾರ್ಡು ನಮ್ಮ ಪುಸ್ತಕದಲ್ಲಿ ಸಹಿ ಮಾಡಿದವನಲ್ಲವಂತೆ, ಅದಕ್ಕೆ ತಾನೇ ಬಂದಳಂತೆ. ಅಕ್ಕ ಒಬ್ಬಳೇ ಇದ್ದಾಳೆ, ಎದುರಿನ ಗಾಡಿಗೇ ವಾಪಸು ಹೋಗಬೇಕು. ನನಗೆ ಕಣ್ಣು ತುಂಬಿ ಬಂತು. ಈ ವಯಸ್ಸಿನಲ್ಲಿ ನನ್ನ ಆಟಕ್ಕೋಸ್ಕರ ನಾಲ್ಕು ಸ್ಟೇಷನ್ ದಾಟಿ ಬಂದಿದ್ದಳು. ಅಮ್ಮ ಚೀಲದಿಂದ ಕೆಂಪು ಬಳೆಯ ವೈರು ತೆಗೆದಳು. ನಾನು ಎರಡೂ ಕೈ ಒಡ್ಡಿದೆ.

"ಪುಸ್ತಕ ಎಲ್ಲಿ?" ಎಂದಳು.

ಪುಸ್ತಕ ಮನೆಯಲ್ಲಿ, ದಾರದಲ್ಲಿ, ಮೊಳೆಯ ಮೇಲೆ. ಗಾಡಿ ನಿಲ್ಲುವುದು ನಾಲ್ಕು ನಿಮಿಷ. ಚೀಟಿಯ ಮೇಲೆ ಸಹಿ ಹಾಕುತ್ತೇನೆ ಎಂದೆ. ಅಮ್ಮ ಚೀಟಿಯನ್ನು ನೋಡಲೂ ಇಲ್ಲ.

"ಅಮ್ಮ, ಆ ನಿಯಮ ಬರೆದವನೇ ನಾನು. ನಾನೇ ಹೇಳ್ತಿದ್ದೀನಿ, ಕೊಡು."

"ನಿಮ್ಮಪ್ಪನ ಹತ್ರ ದೊಡ್ಡ ಸಾಹೇಬರೇ ಹೀಗೆ ಕೇಳಿದ್ರು. ಸಹಿ ಆಗೋ ತನಕ ಗಾಡಿ ನಲವತ್ತು ನಿಮಿಷ ನಿಂತಿತ್ತು. ನೀನು ಆ ಸಾಹೇಬರಿಗಿಂತ ದೊಡ್ಡವನಾ?"

ಟೋಕನ್ ಚೀಲದೊಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆಯಿದೆ, ನನ್ನ ತುತ್ತು ಕೈ ತನಕವೂ ಬರಲಿಲ್ಲ. ತಮ್ಮ ನಗು ತಡೆದುಕೊಂಡು ಅಮ್ಮನನ್ನು ಕೈಹಿಡಿದು ಎದುರಿನ ಗಾಡಿ ಹತ್ತಿಸಿದ, ಹಿಂದೆಯೇ ತಾನೂ ಹತ್ತಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ, "ಅಣ್ಣ, ನಾನು ಆಡೋಕೆ ರೆಡಿಯಾಗಿ ಬಂದಿದ್ದೆ, ನೀನು ಆಡಿಸಲಿಲ್ಲ. ಹಾಗಾದ್ರೆ ಗೆದ್ದಿದ್ದು ಯಾರು?"

ಇನ್ನು ಎಂಟು ವರ್ಷ ಬಿಟ್ಟು ಬರುತ್ತಾನೋ ಏನೋ. ಒಂದು ಗಳಿಗೆ ನನಗೆ ಕೆಟ್ಟ ಬುದ್ಧಿ ಬಂತು. ಕ್ಯಾಬಿನ್ನಿಗೆ ಓಡಿ ಸಿಗ್ನಲ್ ಕೆಂಪಗೇ ಇಡಿಸಿದರೆ, ಅಷ್ಟರೊಳಗೆ ಮನೆಯಿಂದ ಪುಸ್ತಕ ತಂದರೆ? ಅಷ್ಟರಲ್ಲಿ ಗಾರ್ಡು ಬಾಗಿಲಿಗೆ ಬಂದು, ನಾನು ಪಾಳಿಯಲ್ಲಿಲ್ಲ ಎಂಬುದನ್ನು ಮರೆತು, ಹೊರಡಬಹುದಾ ಎಂಬಂತೆ ನನ್ನ ಮುಖ ನೋಡಿದ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಬೇಡ ಬೇಡ ಎಂದು ಮನಸ್ಸು ಅನ್ನುತ್ತಿದ್ದಂತೆಯೇ ನನ್ನ ಕೈ ತಾನಾಗಿ ಮೇಲೆದ್ದು, ಹೊರಡಬಹುದು ಎಂದು ತೋರಿಸಿತು.