ನಾಲಿಗೆರಾಯರ ಐದು ಲೋಟ

ಆಕಾಶ ಕಳಚಿ ಬಿದ್ದರೂ ನಾಲಿಗೆರಾಯರು ಒಂದು ಕೆಲಸವನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಊಟಕ್ಕೆ ಕೂರುವ ಮುನ್ನ ಅಡುಗೆಮನೆಗೆ ದಯಮಾಡಿಸಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ, ಕಣ್ಣು ಮುಚ್ಚಿ ಆವಿ ಎಳೆದುಕೊಂಡು, ಒಂದು ಚಮಚ ನಾಲಿಗೆಯ ಮೇಲಿಟ್ಟು ತೀರ್ಪು ಕೊಡುವುದು.

"ಉಪ್ಪು ಒಂದೂವರೆ ಚಿಟಿಕೆ ಬೇಕು. ಈರುಳ್ಳಿಗೆ ಅವಸರ ಮಾಡಿದ್ದೀಯ."

ಹೆಂಡತಿ ಅಷ್ಟು ಹೊತ್ತೂ ಬಾಯೊಳಗೇ ದೇವರ ಹೆಸರು ಹೇಳಿಕೊಳ್ಳುತ್ತ ಪಕ್ಕದಲ್ಲಿ ನಿಂತಿರುತ್ತಿದ್ದಳು. (ದೇವರನ್ನು ನೆನೆಯಲು ಸಂಸಾರಸ್ಥ ಹೆಂಗಸಿಗೆ ಇದಕ್ಕಿಂತ ತಕ್ಕ ಸಮಯ ಬೇರೆ ಇಲ್ಲ.) ಕೈ ಮುಗಿದು ಪ್ರಾರ್ಥನೆ ಮುಗಿಸುವ ತನಕ ಆಕೆ ಒಂದು ತುತ್ತೂ ಬಾಯಿಗೆ ಇಡುವವಳಲ್ಲ, ರುಚಿ ನೋಡುವ ನೆಪಕ್ಕೂ ಇಲ್ಲ.

ನಾಲಿಗೆರಾಯರು ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅವರು ವೈನ್ ಕಾರ್ಖಾನೆಯ ಪೀಪಾಯಿ ಕೋಣೆಯ ಮೇಲ್ವಿಚಾರಕರು. ಯಾವ ಪೀಪಾಯಿಯ ಮುಂದೆ ನಿಂತರೂ ಅದರ ಜಾತಕ ಹೇಳುತ್ತಿದ್ದುದರಿಂದ ಜೊತೆಯವರು ಈ ಬಿರುದನ್ನು ದಯಪಾಲಿಸಿದ್ದರು. ಅದರಲ್ಲಿ ಇದ್ದ ಕುಹಕ ರಾಯರ ಸೂಕ್ಷ್ಮ ರುಚಿಗೆ ಎಂದೂ ಸಿಕ್ಕಿರಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಹಿರಿಯ ರುಚಿಗಾರರು ನಿವೃತ್ತರಾದರು. ಗಾಜಿನ ಬಾಗಿಲಿನ ಕೋಣೆ, ತಿರುಗುವ ಕುರ್ಚಿ, ಬಿಳಿ ಕೋಟು, ಎಲ್ಲ ಖಾಲಿಯಾದವು. ಆ ಕುರ್ಚಿಯ ಮೇಲೆ ರಾಯರ ಕಣ್ಣು ಬಿದ್ದು ಬಹಳ ವರ್ಷಗಳೇ ಆಗಿದ್ದವು. ಆದರೆ ಕಾರ್ಖಾನೆಯ ಯಜಮಾನಿ ಒಂದು ಷರತ್ತು ಹಾಕಿದರು. ಐದು ಬಗೆಯ ಕೆಂಪು ವೈನ್ ಬಾಟಲಿಗಳಿಗೆ ಬಟ್ಟೆಯ ಮುಸುಕು ತೊಡಿಸಿ, ಲೋಟಕ್ಕೆ ಸುರಿದು ಕೊಡಲಾಗುವುದು. ಯಾವುದು ಏನೆಂದು ಹೇಳಿದವರಿಗೆ ಕುರ್ಚಿ. ಅರ್ಜಿ ಹಾಕಿದವರು ಇಬ್ಬರು. ಒಬ್ಬರು ರಾಯರು. ಇನ್ನೊಬ್ಬ ಬಾಟಲಿ ತುಂಬುವ ವಿಭಾಗದಲ್ಲಿದ್ದ ಅವರ ಹೆಂಡತಿಯ ತಮ್ಮ, ವರ್ಷದಲ್ಲಿ ಅರ್ಧ ಕಾಲ ನೆಗಡಿಯಲ್ಲೇ ಕಳೆಯುವ ಆಸಾಮಿ.

"ನಿನ್ನ ತಮ್ಮನಿಗೆ ವೈನಿಗೂ ವಿನೆಗರಿಗೂ ವ್ಯತ್ಯಾಸ ಗೊತ್ತೇನೇ?" ಎಂದು ರಾಯರು ಭಾವಮೈದುನನ ಎದುರೇ ಹೆಂಡತಿಯನ್ನು ಕೇಳಿದರು.

"ಬಾಟಲಿ ಮೇಲೆ ಬರೆದಿರುತ್ತಲ್ಲ ಭಾವ," ಎಂದ ಅವನು ಮೂಗು ಒರೆಸಿಕೊಳ್ಳುತ್ತ.

"ಕೇಳಿದೆಯಾ? ಇವನ ಎದುರು ನಾನು ಸೋತರೆ, ಇನ್ನು ಈ ಮನೆಯ ಪಾತ್ರೆಯ ಮುಚ್ಚಳ ಮುಟ್ಟಲ್ಲ. ಮಾತು ಅಂದ್ರೆ ಮಾತು."

"ದೇವರು ಒಳ್ಳೇದು ಮಾಡಲಿ," ಎಂದಳು ಹೆಂಡತಿ. ಯಾರಿಗೆ ಎಂದು ಹೇಳಲಿಲ್ಲ.

ಲೋಟಗಳಿಗೆ ವೈನ್ ಸುರಿಯಲು ಯಜಮಾನಿ ಆರಿಸಿದ್ದು ರಾಯರ ಹೆಂಡತಿಯನ್ನೇ. "ಒಬ್ಬ ಗಂಡ, ಒಬ್ಬ ತಮ್ಮ. ಯಾರ ಕಡೆಗೂ ವಾಲೋ ಹಾಗಿಲ್ಲ. ಸುಳ್ಳಂತೂ ನಿನ್ನ ಬಾಯಲ್ಲಿ ಬರಲ್ಲ," ಎಂದರು. ಆಕೆ ಹುಟ್ಟಿದ ಮೇಲೆ ವೈನ್ ಮುಟ್ಟಿದವಳಲ್ಲ. ಆಕೆಯ ಮಟ್ಟಿಗೆ ಕೆಂಪು ಎಂದರೆ ಕೆಂಪು, ಅಷ್ಟೇ.

ಪರೀಕ್ಷೆಯ ದಿನ ಆಕೆ ಪಕ್ಕದ ಲೋಟ ತೊಳೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವೈನ್ ಸುರಿದಳು. ಇಬ್ಬರ ಮುಂದೆಯೂ ನಂಬರು ಅಂಟಿಸಿದ ಐದೈದು ಲೋಟಗಳು ಬಂದು ಕೂತವು. ಕಾರ್ಖಾನೆಯವರೆಲ್ಲ ಗೋಡೆಗೆ ಒರಗಿ ನಿಂತರು.

ರಾಯರು ಮೊದಲ ಲೋಟ ಎತ್ತಿ, ಬೆಳಕಿಗೆ ಹಿಡಿದು, ಮೂರು ಸುತ್ತು ತಿರುಗಿಸಿ, ಮೂಗನ್ನು ಅದರೊಳಗೆ ಪ್ರತಿಷ್ಠಾಪಿಸಿದರು.

"ಹೋದ ವರ್ಷದ್ದು. ಹೊಸ ಅಳಿಯನ ಹಾಗೆ ಘಮ ಜಾಸ್ತಿ, ತಾಳ್ಮೆ ಕಡಿಮೆ."

ಎರಡನೆಯದು. "ಹಳೇದು. ಚರ್ಮದ ಚೀಲದಲ್ಲಿ ಯಾರೋ ಹಣ್ಣು ಇಟ್ಟು ಮರೆತ ಹಾಗಿದೆ."

ಮೂರನೆಯದಕ್ಕೆ ಮರುಗಿದರು. "ಬಿಸಿಲು ಕಾಣದ ದ್ರಾಕ್ಷಿ. ಪಾಪ."

ನಾಲ್ಕನೆಯದು ಬಾಯಿಗೆ ಹೋದಷ್ಟೇ ಬೇಗ ಹೊರಗೆ ಬಂತು. "ಇದನ್ನ ಮಾಡಿದ ಪುಣ್ಯಾತ್ಮ ಪೀಪಾಯಿ ತೊಳೆದೇ ಇಲ್ಲ."

ಐದನೆಯದಕ್ಕೆ ಅವರ ಕಣ್ಣು ತುಂಬಿತು. "ಅಮ್ಮಾವ್ರೇ, ಇದರ ಮುಂದೆ ಮಾತಾಡಬಾರದು," ಎಂದವರು ಅದರ ಬಗ್ಗೆ ಕಾಲು ಗಂಟೆ ಮಾತಾಡಿದರು.

ಈಗ ಭಾವಮೈದುನನ ಸರದಿ. ಅವನು ಒಂದು ಲೋಟ ಕುಡಿದ, ಇನ್ನೊಂದು ಕುಡಿದ, ತಲೆ ಕೆರೆದುಕೊಂಡ. ಐದೂ ಮುಗಿಸಿ ಮತ್ತೆ ಮೊದಲನೆಯದರ ತಳವನ್ನು ನೆಕ್ಕಿ ನೋಡಿದ. ಕಿವಿಯ ತುದಿ ಕೆಂಪಾಗಿತ್ತು.

"ತಪ್ಪು ತಿಳ್ಕೋಬೇಡಿ ಅಮ್ಮಾವ್ರೇ. ನೆಗಡಿ ಬೇರೆ. ನನಗೆ ಎಲ್ಲಾ ಒಂದೇ ಥರ ಇದೆ."

ಎಲ್ಲರಿಗಿಂತ ಮೊದಲು ನಕ್ಕವರು ರಾಯರು. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವರೂ ಅವರೇ. ನಿಲ್ಲಿಸಿದ್ದು ಯಾಕೆಂದರೆ, ಅಷ್ಟರಲ್ಲಿ ಹೆಂಡತಿ ಮುಸುಕು ಹಾಕಿದ ನಾಲ್ಕು ಬಾಟಲಿಗಳನ್ನು ಮಗುವಿನಂತೆ ಎದೆಗವಚಿಕೊಂಡು ಹೊರಗೆ ಬಂದಳು.

"ಇವನ್ನ ಎಲ್ಲಿ ಇಡಲಿ ಅಮ್ಮಾವ್ರೇ? ಇನ್ನೂ ಬಿರಡೆ ತೆಗೆದಿಲ್ಲ."

ಯಜಮಾನಿ ನಿಧಾನವಾಗಿ ಕೇಳಿದರು, "ತೆಗೆದಿಲ್ಲ ಅಂದ್ರೆ?"

"ಒಂದರಲ್ಲೇ ಹತ್ತು ಲೋಟಕ್ಕೂ ಆಯ್ತು. ತೆಗೆದಿಟ್ಟ ಬಾಟಲಿ ಎರಡು ದಿನಕ್ಕೇ ಹುಳಿ ಆಗುತ್ತೆ ಅಂತ ಇವರೇ ಮನೇಲಿ ದಿನಾ ಪಾಠ ಹೇಳ್ತಾರೆ. ಗುಟುಕು ಗುಟುಕಿಗೆ ಐದು ಬಾಟಲಿ ಯಾಕೆ ಕೆಡಿಸೋದು? ಎಲ್ಲಾ ಕೆಂಪೇ ತಾನೇ. ನಂಬರು ಮಾತ್ರ ನೋಡಿ ಸರಿಯಾಗಿ ಅಂಟಿಸಿದ್ದೀನಿ."

ಯಜಮಾನಿ ಖಾಲಿ ಬಾಟಲಿ ತರಿಸಿ ಮುಸುಕು ಎಳೆದರು. ಅದು ರಾಯರ ಸ್ವಂತ ಉಸ್ತುವಾರಿಯ ಪೀಪಾಯಿಯದು.

"ಪೀಪಾಯಿ ತೊಳೆಯದ ಪುಣ್ಯಾತ್ಮ ಯಾರು ಅಂತ ಗೊತ್ತಾಯ್ತಲ್ಲ," ಎಂದರು.

"ಇನ್ನೊಂದು ಸಲ ಪರೀಕ್ಷೆ ಇಡಿ ಅಮ್ಮಾವ್ರೇ," ಎಂದು ಭಾವಮೈದುನನೇ ಗೋಗರೆದ. "ಭಾವನ ಕುರ್ಚಿ ನನಗ್ಯಾಕೆ? ನೆಗಡಿ ಮನುಷ್ಯ ನಾನು."

"ನೆಗಡಿ ವಾಸಿಯಾಗುತ್ತೆ," ಎಂದರು ಯಜಮಾನಿ. ಯಾವುದು ವಾಸಿಯಾಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ರಾಯರನ್ನು ನೋಡಿದರು ಅಷ್ಟೇ. ಬಿಳಿ ಕೋಟು ಭಾವಮೈದುನನ ಹೆಗಲೇರಿತು.

ರಾಯರು ಇಂಗು ತಿಂದ ಮಂಗನಂತೆ ಮನೆಗೆ ಬಂದರು. ಅಡುಗೆಮನೆಯ ಕಡೆ ಕತ್ತು ತಿರುಗಿಸದೆ ನೇರವಾಗಿ ಊಟದ ಮೇಜಿಗೆ ಕೂತರು. ಒಳಗೆ ಹೆಂಡತಿ ರೂಢಿಯಂತೆ ಪಾತ್ರೆಯ ಪಕ್ಕ ಚಮಚ ಹಿಡಿದು ಕಾದಳು. ದೇವರ ಹೆಸರು ಎಷ್ಟು ಸಲ ಹೇಳಿದರೂ ಯಾರೂ ಬರಲಿಲ್ಲ.

"ಬನ್ನಿ, ಒಂದು ಸಲ ನೋಡಿ ಹೇಳಿ."

"ಮಾತು ಅಂದ್ರೆ ಮಾತು. ಬಡಿಸು."

ಬಡಿಸಿದಳು. ಆಕೆ ಕೈ ಮುಗಿದು ಕಣ್ಣು ಮುಚ್ಚಿದಾಗ ರಾಯರು ಮೊದಲ ತುತ್ತು ಬಾಯಿಗಿಟ್ಟರು. ಆಲೂಗಡ್ಡೆ ಬಟಾಣಿಯಲ್ಲಿ ಉಪ್ಪು ಅರ್ಧ ಚಿಟಿಕೆ ಕಡಿಮೆಯಿರಲಿಲ್ಲ, ಒಂದು ಚಿಟಿಕೆ ಕಡಿಮೆಯಿರಲಿಲ್ಲ, ಉಪ್ಪೇ ಇರಲಿಲ್ಲ. ನುಂಗಿದರು. ಎರಡನೆಯದನ್ನೂ ನುಂಗಿದರು.

ಪ್ರಾರ್ಥನೆ ಮುಗಿಸಿ ತಾನೂ ಒಂದು ತುತ್ತು ತಿಂದ ಹೆಂಡತಿ ಬೆಚ್ಚಿದಳು.

"ಅಯ್ಯೋ ರೀ, ಉಪ್ಪೇ ಹಾಕಿಲ್ಲ. ನೀವು ಬಂದು ಹೇಳ್ತೀರ ಅಂತ ಕಾಯ್ತಾ ಇದ್ದೆ. ಇಷ್ಟು ವರ್ಷ ನಿಮ್ಮ ನಾಲಿಗೆ ನಂಬಿಕೊಂಡೇ ಅಲ್ವಾ ನಾನು ಉಪ್ಪು ಹಾಕಿದ್ದು." ಉಪ್ಪಿನ ಬಟ್ಟಲನ್ನು ಅವರ ತಟ್ಟೆಯ ಹತ್ತಿರ ಸರಿಸಿದಳು. "ತಗೊಳ್ಳಿ. ಎಷ್ಟು ಬೇಕು, ನೀವೇ ಹೇಳಿ."

ರಾಯರು ಬಟ್ಟಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬಾಯಲ್ಲಿದ್ದ ಸಪ್ಪೆ ಆಲೂಗಡ್ಡೆಯನ್ನು ಪ್ರಯಾಸದಿಂದ ಕೆಳಗಿಳಿಸಿ, ಬಟ್ಟಲನ್ನು ಅವಳ ಕಡೆಗೇ ತಳ್ಳಿದರು.

"ಬೇಡ," ಎಂದರು. "ನನಗೆ ಎಲ್ಲಾ ಒಂದೇ ಥರ ಇದೆ."