ಬಸಮ್ಮ ಕಾಕಿಯ ಕೊಲೆಗೆ ನಾನು ಮಾಡಿಕೊಂಡ ತಯಾರಿ

ಕಾದಂಬರಿ ಬರೆಯುವುದರಲ್ಲಿ ಏನಿದೆ ಮಹಾ? ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಎರಡು ಪೆನ್ನು, ಹೆಂಡತಿ ಬೈಯದ ಒಂದು ಮೂಲೆ. ಮೂರೂ ನನ್ನ ಬಳಿ ಇದ್ದವು. ಮೂರನೆಯದರ ಬಗ್ಗೆ ಸ್ವಲ್ಪ ಅನುಮಾನವಿತ್ತು, ಅಷ್ಟೆ.

ನಮ್ಮೂರು ಸೇಡಂ. ಎದುರು ಮನೆಯ ಬಸಮ್ಮ ಕಾಕಿಯ ರಕ್ತ ತಪಾಸಣೆಯ ರಿಪೋರ್ಟು ತರಲು ಕಲಬುರಗಿಗೆ ಹೋಗಿದ್ದೆ. ಕಾಕಿ ಒಬ್ಬಳೇ ಇರುವ ಹೆಂಗಸು. ನಾನು ಚಡ್ಡಿ ಹಾಕುವುದಕ್ಕೂ ಮೊದಲಿನಿಂದ ನನ್ನನ್ನು ಕಂಡವಳು. ರಿಪೋರ್ಟಿನಲ್ಲಿ ರಕ್ತ ತುಸು ಕಡಿಮೆ ಎಂಬುದು ಬಿಟ್ಟರೆ ಏನೂ ಇರಲಿಲ್ಲ. ವಾಪಸು ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡ. ಹೊತ್ತು ಕಳೆಯಲೆಂದು ಪ್ಲಾಟ್‌ಫಾರಂ ಮೇಲೆ ಒಂದು ಪತ್ತೇದಾರಿ ಕಾದಂಬರಿ ಕೊಂಡೆ.

ಮೊದಲ ಪುಟದಲ್ಲೇ ಒಬ್ಬ ಹೆಂಗಸು ಸತ್ತು ಬಿದ್ದಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಆಮೇಲೆ ಇಡೀ ಪುಸ್ತಕದ ತುಂಬ ಕೊಲೆಗಾರನ ಬಾಲ್ಯ, ಇನ್‌ಸ್ಪೆಕ್ಟರನ ಮೀಸೆ! ಆ ಹೆಂಗಸಿನ ಸುದ್ದಿಯೇ ಇಲ್ಲ. ನಾನು ತಲೆಯೊಳಗೆ ಹುಳ ಬಿಟ್ಟುಕೊಂಡೆ. ಆ ಹಾಲು ಯಾರಿಗಾಗಿ ಕಾಯಿಸುತ್ತಿದ್ದಳು? ಚಹಾಕ್ಕೆ ಶುಂಠಿ ಹಾಕುತ್ತಿದ್ದಳೋ ಇಲ್ಲವೋ? ಅವಳು ಹೋದ ಮೇಲೆ ಯಾರು ನಿಜವಾಗಿ ಅತ್ತರು, ಯಾರು ಅತ್ತ ಹಾಗೆ ಮಾಡಿದರು? ಗಾಡಿ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಕನ್ನಡಕ್ಕೆ ಸತ್ತವರ ಪರವಾಗಿ ಒಂದು ಕಾದಂಬರಿ ಬೇಕು. ಬರೆಯತಕ್ಕವನು ನಾನೇ!

ಮನೆಗೆ ಬಂದು ಹೆಂಡತಿ ಸುವರ್ಣಾಳಿಗೆ ಘೋಷಿಸಿದೆ.

"ಯಾರನ್ನ ಕೊಲ್ಲವ್ರು?" ಎಂದಳು, ತೊಗರಿಬೇಳೆ ಆರಿಸುತ್ತ.

"ಬಸಮ್ಮ ಕಾಕೀನ ನೋಡಿ ಬರಿತೀನಿ. ಆದ್ರ ಆಕಿಗಿ ಗೊತ್ತಾಗಬಾರ್ದು. ಗೊತ್ತಾದ್ರ ಇದ್ದಂಗ ಮಾತಾಡಂಗಿಲ್ಲ."

"ಮೊದಲ ಆ ರಿಪೋರ್ಟ್ ಕೊಟ್ಟು ಬರ್ರಿ. ಆಕಿ ಮುಂಜಾನಿಂದ ಬಾಗಿಲದಾಗ ಕುಂತಾಳ."

ಹೋದೆ. ಕಾಕಿ ರೊಟ್ಟಿ ಬಡಿಯುತ್ತಿದ್ದಳು. "ಏನೂ ಇಲ್ಲ ಕಾಕಿ, ಆರಾಮ ಇರು" ಎಂದು ರಿಪೋರ್ಟು ಕೊಟ್ಟೆ. ಅದೇ ಉಸಿರಿನಲ್ಲಿ ಸಂಶೋಧನೆ ಶುರು ಮಾಡಿದೆ.

"ಕಾಕಿ, ನಿನಗ ತಿನ್ಲಾಕ ಏನೇನು ಭಾಳ ಸೇರ್ತದ?"

ರೊಟ್ಟಿಯ ಮೇಲಿದ್ದ ಕೈ ನಿಂತಿತು. "ಯಾಕ ಕೇಳ್ತಿಯೋ ಮಲ್ಲು?"

"ಸುಮ್ನ."

ಪುಂಡಿಪಲ್ಯ, ಹಸಿ ಖಾರ, ಸಿಹಿ ಅಂದರೆ ಚಪಾತಿ ಮುರಿದು ಬೆಲ್ಲ ಕಲಸಿದ ಮಾಲ್ದಿ. ಎಲ್ಲ ಬರೆದುಕೊಂಡೆ.

ಎರಡನೇ ದಿನ ಮೊಬೈಲು ಹಿಡಿದು ಹೋದೆ. ಮುಖದ ವರ್ಣನೆ ಬೇಕಲ್ಲ! "ಮಾರಿ ನೆಟ್ಟಗ ಇಡು, ತಲಿ ಮ್ಯಾಲ ಸೆರಗು ಹಾಕ್ಕೋ, ನಗಬ್ಯಾಡ" ಎಂದೆ. ಮೂರನೇ ದಿನ, ಪೆಟ್ಟಿಗೆಯಲ್ಲಿ ಎತ್ತಿಟ್ಟ ಹೊಸ ಸೀರೆ ಯಾವ ಬಣ್ಣದ್ದೆಂದು ಕೇಳಿದೆ. ನಂತರ, ನೀನು ಇಲ್ಲದಿದ್ದರೆ ಯಾರಿಗೆ ಭಾಳ ಕೆಡುಕೆನಿಸುತ್ತದೆ ಎಂದು ಕೇಳಿದೆ. ಇದನ್ನು ಬಹಳ ನಾಜೂಕಾಗಿ ಕೇಳಿದೆನೆಂದೇ ಈಗಲೂ ನನ್ನ ನಂಬಿಕೆ. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನೂ ಬರೆದುಕೊಂಡೆ: ‘ಕಣ್ಣಲ್ಲಿ ನೀರು. ಕಾರಣ ತಿಳಿಯದು.’

ನಾಲ್ಕನೇ ದಿನ ಕಾಕಿಯ ರೊಟ್ಟಿ ಹಂಚು ನಮ್ಮ ಅಡುಗೆಮನೆಯಲ್ಲಿತ್ತು.

"ಇದ್ಯಾಕ ಇಲ್ಲಿ ಬಂತು?" ಎಂದೆ.

ಸುವರ್ಣಾಳ ಮುಖ ಕೆಂಪಾಗಿತ್ತು. "‘ನೀ ಇಟ್ಕೋ ಯವ್ವಾ, ನನಗಿನ್ನ ಯಾತಕ್ಕ’ ಅಂದು ಕೊಟ್ಟು ಹೋದಳು. ನೀವು ಆಕಿಗಿ ಏನು ಕೇಳೀರಿ?"

ಹೆಮ್ಮೆಯಿಂದ ನೋಟ್‌ಬುಕ್ಕು ತೋರಿಸಿದೆ. ಅವಳು ಹಣೆ ಬಡಿದುಕೊಂಡಳು.

"ನಿಮಗೇನು ತಲಿ ಅದನೋ ಇಲ್ಲೋ? ಸೇರೋ ಅಡಗಿ ಯಾವಾಗ ಕೇಳ್ತಾರ? ಮಣ್ಣು ಕೊಟ್ಟ ಮೂರನೇ ದಿನಕ್ಕ ಎಡಿ ಹಿಡಿಲಾಕ! ನಗಲಾರದ ಫೋಟೋ ಯಾತಕ್ಕ? ಹೊಸ ಸೀರಿ ಯಾತಕ್ಕ? ರಿಪೋರ್ಟ್ ಕೊಟ್ಟ ದಿನದಿಂದನೇ ಕೇಳ್ಲಾಕತ್ತೀರಿ. ಡಾಕ್ಟರ್ ಏನೋ ಹೇಳ್ಯಾರ, ಮಲ್ಲು ಮುಚ್ಚಿಡ್ಲಾಕತ್ತಾನ ಅಂತ ತಿಳ್ಕೊಂಡಾಳ ಆಕಿ!"

ಸೇಡಂನಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಆದರೆ ನಾನಾಗಲೇ ಸಾಹಿತಿಯಾಗಿಬಿಟ್ಟಿದ್ದೆನಲ್ಲ! ನನ್ನನ್ನು ಎತ್ತಿ ಆಡಿಸಿದ ಮುದುಕಿ, ನನ್ನ ದೆಸೆಯಿಂದ, ನಾಲ್ಕು ದಿನದಿಂದ ಸಾವಿಗೆ ಕಾಯುತ್ತ ಕುಳಿತಿದ್ದಳು. ಓಡಿದೆ. ಬಾಗಿಲಿಗೆ ಬೀಗ. ತಂಗಿಯನ್ನು ಕಣ್ತುಂಬ ನೋಡಿ ಬರಲು ಗುಂಡಗುರ್ತಿಗೆ ಹೋಗಿದ್ದಳಂತೆ!

ಮರುದಿನ ಮಧ್ಯಾಹ್ನ ಮರಳಿದಳು, ತಂಗಿಯನ್ನೂ ಕರೆದುಕೊಂಡು. ಸುದ್ದಿ ಕೇಳಿ ಐನಾಪುರದಿಂದ ಕಾಕಿಯ ಮಗಳು ಶಾಂತಾ ರೊಟ್ಟಿ ಬುತ್ತಿ ಕಟ್ಟಿಕೊಂಡು ಅಳುತ್ತಲೇ ಬಸ್ಸಿಳಿದಳು. ನಾನು ಹೋದಾಗ ಮೂವರೂ ಫರ್ಸಿ ಕಲ್ಲಿನ ನೆಲದ ಮೇಲೆ ಕುಳಿತಿದ್ದರು.

"ಮಲ್ಲಣ್ಣಾ, ಖರೆ ಹೇಳ್ರಿ" ಎಂದಳು ಶಾಂತಾ. "ಡಾಕ್ಟರ್ ಎಷ್ಟ್ ದಿನ ಅಂದಾರ?"

"ಏನೂ ಆಗಿಲ್ಲ ತಂಗಿ! ಗಟ್ಟಿಮುಟ್ಟಿ ಅದಾಳ!"

"ಮುಚ್ಚಿಡಬ್ಯಾಡ್ರಿ ಅಣ್ಣಾ!"

ಇಲ್ಲ ಇಲ್ಲ ಎಂದಷ್ಟೂ ಅಳು ಜೋರಾಯಿತು. ರಿಪೋರ್ಟು ಓದಿ ಹೇಳಿದೆ. ಸುಳ್ಳೇ ಓದುತ್ತಿದ್ದಾನೆ ಎಂದರು. ಕಡೆಗೆ ನೋಟ್‌ಬುಕ್ಕನ್ನೇ ಶಾಂತಾಳ ಕೈಗಿಟ್ಟೆ. ಆಕೆ ಮೊದಲ ಸಾಲು ಗಟ್ಟಿಯಾಗಿ ಓದಿದಳು: ‘ಬಸಮ್ಮ ಸತ್ತು ಬಿದ್ದಿದ್ದಳು.’

ರಾತ್ರಿ ಕೂತು ಬರೆಯುವಾಗ ಸದ್ಯಕ್ಕಿರಲಿ ಎಂದು ಕಾಕಿಯ ಹೆಸರನ್ನೇ ಇಟ್ಟಿದ್ದೆ. ಗುಂಡಗುರ್ತಿಯ ತಂಗಿ ಬಾಯಿ ಬಡಿದುಕೊಂಡು ಅಳಲು ಶುರುವಿಟ್ಟಳು!

"ಕಥಿ ಅದು, ಕಥಿ!" ನಾನು ಕೂಗಿದೆ. "ಕೊಲೆ ಕಥಿ ಬರಿಲಾಕತ್ತೀನಿ. ಸತ್ತಾಕಿ ಹೆಂಗ ಬದುಕಿದ್ಳು ಅಂತ ತಿಳ್ಕೊಳ್ಳಾಕ ಕಾಕಿಗಿ ಕೇಳೀನಿ. ತಪ್ಪಾಯ್ತು ಕಾಕಿ. ತಿಳಿಗೇಡಿ ಕೆಲಸ ಮಾಡೀನಿ."

ತಂಗಿಯ ಅಳು ಅರ್ಧಕ್ಕೇ ನಿಂತಿತು. ಕಾಕಿ ನನ್ನನ್ನೇ ನೋಡಿದಳು.

"ಹಂಗಾರ ನಾ ಸಾಯಂಗಿಲ್ಲ?"

"ಇಲ್ಲ ಕಾಕಿ."

"ನಿಮ್ಮವ್ವನ ಆಣಿ ಮಾಡು."

ಮಾಡಿದೆ. ಕಾಕಿ ದೊಡ್ಡದೊಂದು ಉಸಿರು ಬಿಟ್ಟು ಗೋಡೆಗೆ ಒರಗಿದಳು. ನನಗೆ ಅಳುವೇ ಬಂತು. ಸ್ವಲ್ಪ ಹೊತ್ತಿಗೆ ಆಕೆಯೇ ಕೇಳಿದಳು: "ಮೂರು ದಿನ ಜೀವ ತಿಂದೆಲ್ಲ, ನಂದು ಏನು ಬರ್ದಿ? ಓದು."

ಪುಟ ತಿರುವಿದೆ. ಮತ್ತೆ ತಿರುವಿದೆ. ಕೊನೆಯ ಹಾಳೆಯ ಟಿಪ್ಪಣಿ ಬಿಟ್ಟರೆ, ಕಥೆಯಲ್ಲಿ ಕಾಕಿಯ ಬಗ್ಗೆ ಇದ್ದದ್ದು ಎರಡೂವರೆ ಸಾಲು. ಅದರಲ್ಲಿ ಒಂದೂವರೆ, ಆಕೆ ಹೇಗೆ ಬಿದ್ದಿದ್ದಳು ಎಂಬುದು.

"ಉಳಿದ ಹಾಳಿ ತುಂಬ ಯಾರಂದು?"

"ಕೊಲೆಗಾರಂದು."

"ಅಂವ ಏನು ನಿಮ್ಮ ಬೀಗನೇನು?"

ಶಾಂತಾ ಅಳುವಿನ ನಡುವೆಯೇ ಫಕ್ಕನೆ ನಕ್ಕಳು. ನಾನು ತಲೆ ತಗ್ಗಿಸಿದೆ.

"ಹೋಗ್ಲಿ ಬಿಡು. ನನ್ನ ಕೊಂದಾಂವ ಹೆಂಗ ಅದಾನ ನೋಡಾಮ, ಓದು" ಎಂದು ಕಾಕಿ ಚಾಪೆಯ ಮೇಲೆ ಅಡ್ಡಾದಳು.

ನನ್ನ ಮೊದಲ ಕೇಳುಗರು! ಗಂಟಲು ಸರಿಮಾಡಿಕೊಂಡು, ದನಿ ಏರಿಳಿಸಿ ಓದಿದೆ. ಕೊಲೆಗಾರ ಓಣಿ ಹೊಕ್ಕ. ಬಾಗಿಲ ಮುಂದೆ ನಿಂತ. ಚಿಲಕ ಮೆಲ್ಲಗೆ ಸರಿಯಿತು... ಎಂದು ಭಯಂಕರವಾಗಿ ತಲೆ ಎತ್ತಿದರೆ, ಕಾಕಿ ಗೊರಕೆ ಹೊಡೆಯುತ್ತಿದ್ದಳು.

ನಾನು ಅವಮಾನದಿಂದ ನಿಲ್ಲಿಸಿದೆ. ಶಾಂತಾ ಬಾಯಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: "ಓದ್ರಿ ಅಣ್ಣಾ, ನಿಂದರಬ್ಯಾಡ್ರಿ. ನಾಕ್ ದಿನ ಆಯ್ತು, ಕಣ್ಣಿಗಿ ಕಣ್ಣು ಹಚ್ಚಿಲ್ಲಂತ."

ಕೊಲೆಗಾರನ ಹದಿನೇಳೂ ಪುಟ ಓದಿದೆ. ಮುಗಿದ ಮೇಲೆ, ಕಾಕಿಗೆ ಎಚ್ಚರವಾಗಬಾರದೆಂದು, ಮತ್ತೆ ಮೊದಲಿನಿಂದ ಓದಿದೆ.