ಬಂಡೆಪ್ಪನ ಬಲಗಾಲು

ಡಾಕ್ಟರ್ ಪೂವಪ್ಪನವರ ಫಜೀತಿಗೆಲ್ಲ ಕಾರಣ ಒಂದೇ ಒಂದು ಇಂಗ್ಲಿಷ್ ಪದ. ೧೯೭೩ರ ಒಂದು ಭಾನುವಾರ ಬೆಳಿಗ್ಗೆ, ಬಾಂದ್ರಾದಲ್ಲಿ ಗಲ್ಲಿಗಳ ಡಾಕ್ಟರುಗಳಿಗೆಂದೇ ಏರ್ಪಡಿಸಿದ್ದ ಒಂದು ತರಗತಿಯಲ್ಲಿ ಅದು ಅವರ ಕಿವಿಗೆ ಬಿತ್ತು. ಪಾಠ ನೋವು ಮತ್ತು ಚಟದ ಬಗ್ಗೆ. ಗೋರೆಗಾಂವ್‌ನಲ್ಲಿ ಇಪ್ಪತ್ತು ವರ್ಷ ದವಾಖಾನೆ ನಡೆಸಿ ಮತ್ತೆ ಬೆಂಚಿನ ಮೇಲೆ ಕೂತ ಪೂವಪ್ಪ ಮೊದಲ ಅರ್ಧ ಗಂಟೆ ಸೊಗಸಾಗಿ ತೂಕಡಿಸಿದರು.

"ನೋವು ಅಂದವನಿಗೆಲ್ಲ ದಿನಾ ಪೆಥಿಡಿನ್ ಚುಚ್ಚಿ ಚಟ ಹತ್ತಿಸುವವರು ಯಾರು? ನಾವೇ!" ಎಂದು ಪ್ರೊಫೆಸರು ಮೇಜು ಗುದ್ದಿದಾಗ, ಹೆಸರು ಹಿಡಿದು ಕರೆದಂತೆ ಎಚ್ಚರವಾಯಿತು. ಬಂಡೆಪ್ಪ ಕಣ್ಣ ಮುಂದೆ ಬಂದ. ರೈಲ್ವೆ ಯಾರ್ಡಿನಲ್ಲಿ ವ್ಯಾಗನ್ನಿನಡಿ ಬಲಗಾಲು ಕಳೆದುಕೊಂಡವನು. ಇಲ್ಲದ ಕಾಲು ನೋಯುತ್ತದೆಂದು ಅಳುತ್ತಿದ್ದವನಿಗೆ ನಾಲ್ಕು ತಿಂಗಳಿಂದ ದಿನವೂ ಸೂಜಿ ಚುಚ್ಚುತ್ತಿದ್ದವರು ಇವರೇ. ಈಚೆಗೆ ಅವನು ನೋವು ಬರುವ ಮೊದಲೇ ಸೂಜಿ ಕೇಳುತ್ತಿದ್ದ. ಪೂವಪ್ಪ ಎದ್ದು ನಿಂತು, ಇಲ್ಲದ ಕಾಲಿನ ನೋವಿಗೆ ಏನು ಮಾಡುವುದೆಂದು ಕೇಳಿದರು.

"ಅದಕ್ಕೆ ಫ್ಯಾಂಟಮ್ ನೋವು ಅಂತಾರೆ. ಕಾಲು ಹೋದರೂ ಮಿದುಳಿನಲ್ಲಿ ಅದರ ಜಾಗ ಹೋಗಿರುವುದಿಲ್ಲ. ರೋಗಿಗೆ ತಿಳಿಸಿ ಹೇಳಿ. ಔಷಧಿ ನಿಧಾನವಾಗಿ ಇಳಿಸಿ. ಕಣ್ಣು ಮುಚ್ಚಿಸಿ, ಆ ಕಾಲನ್ನು ಮನಸ್ಸಿನಲ್ಲೇ ಸಡಿಲ ಬಿಡಿಸಿ," ಎಂದರು ಪ್ರೊಫೆಸರು.

ಪೂವಪ್ಪ ಊಟಕ್ಕೂ ನಿಲ್ಲದೆ ಲೋಕಲ್ ರೈಲು ಹತ್ತಿ, ದವಾಖಾನೆಯಿಂದ ಸೂಜಿಯ ಚೀಲ ಎತ್ತಿಕೊಂಡು, ಸೀದಾ ಬಂಡೆಪ್ಪನಿದ್ದ ಸಾಲುಮನೆಗಳ ಚಾಳಿಗೆ ಬಂದರು. ಮಟಮಟ ಮಧ್ಯಾಹ್ನವಾದರೂ ಖೋಲಿಯೊಳಗೆ ಕತ್ತಲು. ಚಾಪೆಯ ಮೇಲೆ ಬಂಡೆಪ್ಪ ಬೆವೆತು ನಡುಗುತ್ತಿದ್ದ.

"ಬೆರಳು ಒಳಗ ಮಡಚಿ ಹಿಂಡಾಕ ಹತ್ತೈತ್ರಿ ಸಾಹೇಬ್ರ. ಲಗೂನ ಚುಚ್ರಿ."

"ಚುಚ್ತೇನೆ ಮಾರಾಯ. ಇವತ್ತಿಂದ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವ. ಇದು ಫ್ಯಾಂಟಮ್ ನೋವು. ಹೆದರುವಂಥದ್ದಲ್ಲ."

ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಕೋರ್ಟಿನ ಪ್ಯೂನ್ ಭೀಮರಾಯ ಇಡೀ ಚಾಳಿಗೆ ಇಂಗ್ಲಿಷಿನ ಅರ್ಥ ಹೇಳುವವನು. ಅವನು ಪಿಸುಗುಟ್ಟಿದ: "ಫ್ಯಾಂಟಮ್ ಅಂದ್ರ ಭೂತ!"

"ನಾ ಮದ್ಲ ಹೇಳಿದ್ದೆ," ಪಕ್ಕದ ಖೋಲಿಯ ಗಂಗುಬಾಯಿ ಸೆರಗು ಬಾಯಿಗಿಟ್ಟಳು. "ಗ್ಯಾಲರಿಯಾಗ ಒಂದ ಕಾಲಿನ ಸಪ್ಪಳ ಕೇಳ್ತೈತಿ ಅಂತ. ಈಗ ಡಾಕ್ಟರ್ ಸಾಹೇಬ್ರೇ ಖರೆ ಅಂದ್ರು."

"ಭೂತ ಅಲ್ಲ! ಇದು ಮಿದುಳಿನ ವಿಷಯ!"

"ಅಯ್ಯೋ ನನ್ನವ್ವ, ಮಿದುಳಿನಾಗ ಹೊಕ್ಕೈತೇನ್ರಿ?" ಎಂದು ಬಂಡೆಪ್ಪನ ಹೆಂಡತಿ ಲಕ್ಷ್ಮವ್ವ ಅಳಲು ಶುರುಮಾಡಿದಳು.

ವಿವರಿಸಿದಷ್ಟೂ ಭೂತ ದಪ್ಪವಾಗುತ್ತಿತ್ತು. ಪೂವಪ್ಪ ಬಾಯಿ ಮುಚ್ಚಿಕೊಂಡು, ಡೋಸು ತುಸು ಇಳಿಸಿ ಸೂಜಿ ಚುಚ್ಚಿದರು. ಆಮೇಲೆ ಪಾಠದಲ್ಲಿ ಕೇಳಿದಂತೆ, "ಕಣ್ಣು ಮುಚ್ಚು ಬಂಡೆಪ್ಪ. ಒಂದೊಂದೇ ಬೆರಳು ಬಿಡಿಸು. ಹಾಂ... ಈಗ ಆ ಕಾಲನ್ನು ಹೋಗಲಿಕ್ಕೆ ಬಿಡು," ಎಂದರು.

ಗ್ಯಾಲರಿಯ ಜನ ಬಾಗಿಲೊಳಗೆ ಕತ್ತು ಚಾಚಿದರು. ಕೆಳಗೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾಲ್ಕು ತಿಂಗಳಿಂದ ಗಂಟಿಕ್ಕಿದ್ದ ಬಂಡೆಪ್ಪನ ಮುಖ ಮೆಲ್ಲಗೆ ಬಿಚ್ಚಿತು.

"ನೋವು ಹೋತ್ರಿ... ಕಾಲು ಎದ್ದು ನಿಂತಿತ್ರಿ... ಹೊಂಟಿತ್ರಿ..."

ಪೂವಪ್ಪನವರಿಗೆ ಕುಣಿಯುವಷ್ಟು ಖುಷಿಯಾಯಿತು. "ಹೋಗಲಿ ಬಿಡು! ಎಲ್ಲಿಗೆ ಹೋಯ್ತು?" ಎಂದು ನಕ್ಕರು.

ಬಂಡೆಪ್ಪ ಕಣ್ಣು ತೆರೆದ. ಡಾಕ್ಟರ ಬೆನ್ನ ಹಿಂದಿನ ನೆಲವನ್ನೇ ನೋಡಿದ. "ನಿಮ್ಮ ಹಿಂದ ನಿಂತೈತ್ರಿ."

ಪೂವಪ್ಪ ಹೊರಡಲು ಎದ್ದಾಗ ಬಾಗಿಲಲ್ಲಿದ್ದ ಜನ ಎರಡು ಪಾಲಾಗಿ ದಾರಿ ಬಿಟ್ಟರು. ದಾರಿ ಒಬ್ಬರಿಗೆ ಬೇಕಾದ್ದಕ್ಕಿಂತ ಅಗಲವಾಗಿತ್ತು.

ಸಂಜೆ ಐದಕ್ಕೆ ದವಾಖಾನೆ ತೆರೆದರೆ, ರೋಗಿಗಳೆಲ್ಲ ಓಣಿಯಲ್ಲೇ ನಿಂತಿದ್ದಾರೆ. ಒಳಗಿನ ಬೆಂಚು ಖಾಲಿ.

"ಯಾಕೆ, ಒಳಗೆ ಬನ್ನಿ!"

ಕೆಮ್ಮಿನ ಔಷಧಿಗೆ ಬಂದಿದ್ದ ಗಂಗುಬಾಯಿ ಅಲ್ಲಿಂದಲೇ ಅಂದಳು: "ಅದು ಬೆಂಚಿನ ಮ್ಯಾಲ ಕುಂತಿರ್ತೈತಲ್ರಿ. ನಾವು ಇಲ್ಲೇ ಇರ್ತೇವಿ. ಸೀಸೆ ಕಿಡಕಿಯಿಂದ ಕೊಡ್ರಿ."

ಪೂವಪ್ಪನವರ ಪಿತ್ತ ನೆತ್ತಿಗೇರಿತು. "ಇಲ್ಲಿ ಏನೂ ಇಲ್ಲ! ಕಣ್ಣು ಬಿಟ್ಟು ನೋಡಿ!" ಎನ್ನುತ್ತ ಎಲ್ಲರೂ ಕಾಣುವಂತೆ ಬೆಂಚಿನ ಉದ್ದಕ್ಕೂ ಬಿರಬಿರನೆ ನಡೆದರು. ಅರ್ಧ ದಾರಿಯಲ್ಲಿ ಮೊಣಕಾಲಿಗೆ ಏನೋ ಮೆತ್ತಗೆ ತಗುಲಿತು.

"ಸಾರಿ," ಎಂದರು ಪೂವಪ್ಪ, ತುಂಬಿದ ಲೋಕಲ್ಲಿನಲ್ಲಿ ಯಾರಿಗೋ ಕಾಲು ತಾಗಿದಾಗ ಅನ್ನುವಂತೆ.

ಅಂದ ಮೇಲೆ ತಿರುಗಿ ನೋಡಿದರು. ಬೆಂಚು ಖಾಲಿ. ಓಣಿಯ ಕಡೆ ನೋಡಿದರು. ಅದೂ ಖಾಲಿ.

ಡಾಕ್ಟರು ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಂಡು, ತಮ್ಮ ಸ್ಟೂಲನ್ನು ಸದ್ದಾಗದಂತೆ ಎತ್ತಿ ಹೊರಗಿನ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತರು.